ನೂರಕ್ಕೆ ತೊಂಬತ್ತೊಂಬತ್ತು

ಗಂಡನ ಫೋನು ಬಂದಾಗ ಅವಳು ಕಂಪ್ಯೂಟರಿನ ಎದುರು ಉಸಿರು ಹಿಡಿದು ಕೂತಿದ್ದಳು. ಉಸಿರು ಹಿಡಿಯುವುದು ಕಚೇರಿಯಿಂದ ಬಂದ ಅಭ್ಯಾಸ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಹದಿನಾರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವಳಿಗೆ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರಾಡಬಾರದೆಂಬುದು ಮೈಗಂಟಿಹೋಗಿತ್ತು. ಈಗ ಹಾಲು ಉಕ್ಕುವುದನ್ನು ನೋಡುವಾಗಲೂ, ಲಿಫ್ಟಿನ ಬಾಗಿಲು ಮುಚ್ಚುವಾಗಲೂ ಅವಳ ಉಸಿರು ತಾನಾಗಿ ನಿಲ್ಲುತ್ತಿತ್ತು. ಕಂಪ್ಯೂಟರ್ ನಿನ್ನೆ ಮಧ್ಯಾಹ್ನದಿಂದ ಆರಿರಲಿಲ್ಲ. ಆರಿಸಿದರೆ ನಿನ್ನೆ ಬಂದ ಭಾಗ್ಯ ಇವತ್ತು ಬರಲಿಕ್ಕಿಲ್ಲವೆಂಬ ಭಯ. ಭಾಗ್ಯವನ್ನು ನಂಬುವುದು ತನ್ನಂಥವಳಿಗೆ ಹೇಳಿಸಿದ್ದಲ್ಲವೆಂದು ಗೊತ್ತಿದ್ದೂ, ಅದರ ಪಕ್ಕದಲ್ಲಿ ಜೋರಾಗಿ ಕೆಮ್ಮದೆ, ಕುರ್ಚಿ ಎಳೆಯದೆ, ಮಲಗಿದ ಕೂಸಿನ ಹತ್ತಿರ ಓಡಾಡುವ ಹಾಗೆ ಓಡಾಡಿದ್ದಳು.

"ಮನೆ ಗಡಿಯಾರಕ್ಕೆ ಏನು ಮಾಡಿದ್ದೀರಿ ನೀವಿಬ್ಬರೂ?" ಎಂದ ಗಂಡ. ಅವನು ಡ್ರೈವಿಂಗ್ ಶಾಲೆಯಲ್ಲಿ ಮೇಷ್ಟ್ರು. "ಒಂಬತ್ತು ಹತ್ತು ಈಗ. ಒಂಬತ್ತಕ್ಕೆ ಪಾಠ ಇರೋ ಹುಡುಗಿ ಗೇಟಿನ ಹತ್ರ ನಿಂತು ನನ್ನ ಮುಖ, ವಾಚು, ಮತ್ತೆ ನನ್ನ ಮುಖ ನೋಡ್ತಿದ್ದಾಳೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಲೇಟಾಗಿಲ್ಲ ನಾನು. ಅಡುಗೆಮನೆ ಗಡಿಯಾರ ನೋಡಿ ಹೊರಟವನು!"

"ಸೆಲ್ ಹೋಗಿರಬೇಕು," ಎಂದಳು ಅವಳು. ಕತ್ತು ಚಾಚಿ ಅಡುಗೆಮನೆಯ ಗಡಿಯಾರ ನೋಡಿದಳು: ಸರಿಯಾಗಿ ಒಂಬತ್ತು. ಕೈಯಲ್ಲಿದ್ದ ಫೋನು ನೋಡಿದಳು: ಒಂಬತ್ತು ಹತ್ತು. ಕಂಪ್ಯೂಟರಿನ ಪರದೆಯ ಮೂಲೆ ನೋಡಿದಳು: ಎಂಟು ಐವತ್ತೆಂಟು. ಒಂದೇ ಮನೆಯಲ್ಲಿ ಮೂರು ಕಾಲ. ಅವಳ ಕೆಲಸದಲ್ಲಿ ಒಂದು ಅಂಗಡಿಯೊಳಗೆ ಒಂದೇ ಮೂಟೆ ಮೂರು ಕಡೆ ಮೂರು ತೂಕ ತೂಗಿದರೆ ಮೊದಲು ಮಾಡುವುದೇನೆಂದರೆ ಅಂಗಡಿಯವನ ಮುಖ ನೋಡುವುದು. ಇಲ್ಲಿ ನೋಡಲು ಸಿಕ್ಕಿದ್ದು ಕಪ್ಪು ಪರದೆಯ ಅಂಚಿನಲ್ಲಿ ಮಂಕಾಗಿ ಕಾಣುತ್ತಿದ್ದ ಅವಳದೇ ಮುಖ.

ಇನ್ನು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅವರಿಬ್ಬರೂ ಬರುವವರಿದ್ದರು, ಹಲ್ಲಿನ ಡಾಕ್ಟರು ಮತ್ತು ಪಂಖಣ್ಣ. ಪಂಖಣ್ಣನದು ಕಂಪ್ಯೂಟರ್ ಬಿಡಿಭಾಗಗಳ ಅಂಗಡಿ; ಎಂಥ ರೋಗಕ್ಕೂ ಇನ್ನೊಂದು ಫ್ಯಾನು ಹಾಕಿಸಿ ಎಂದು ಹೇಳುವುದರಿಂದ ಆ ಹೆಸರು. ಅವನ ಅಂಗಡಿಯ ಹಿಂಗೋಡೆಯಲ್ಲಿ ಒಂದು ಬಿಳಿ ಹಲಗೆ. ಕಂಪ್ಯೂಟರಿನ ಮಿದುಳಿನಂಥ ಪ್ರೊಸೆಸರನ್ನು, ಮಾಡಿದವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸಿ, ಪರೀಕ್ಷೆಗೆ ಕೂರಿಸಿ, ಬಂದ ಅಂಕವನ್ನು ಆ ಹಲಗೆಯ ಮೇಲೆ ಬರೆಸುವ ಒಂದು ಬಳಗವಿತ್ತು. ಮೊದಲ ಸ್ಥಾನ ಬಂದರೆ ಮಾತ್ರ ಒಂದು ಪದ್ಧತಿ: ಹೆಸರನ್ನು ಮೊದಲು ಪೆನ್ಸಿಲ್ಲಿನಲ್ಲಿ ಬರೆಯುವುದು, ಆಮೇಲೆ ಯಂತ್ರವಿರುವ ಮನೆಗೇ ಹೋಗಿ ಇಬ್ಬರು ಸಾಕ್ಷಿಗಳೆದುರು ಮತ್ತೊಮ್ಮೆ ಓಡಿಸಿ, ಅದೇ ಅಂಕ ಬಂದರೆ ಇಂಕಿನಲ್ಲಿ ತಿದ್ದುವುದು. ಹನ್ನೊಂದು ತಿಂಗಳಿಂದ ಅಲ್ಲಿ ಮೊದಲ ಹೆಸರು ಡಾಕ್ಟರದು, ಇಪ್ಪತ್ತೊಂದು ಸಾವಿರದ ಮುನ್ನೂರ ಹತ್ತು, ಎರಡನೆಯದು ಪಂಖಣ್ಣನದು, ಮೂರನೆಯದು "ತೂಕದ ಮೇಡಂ". ಬಳಗದಲ್ಲಿ ಇದ್ದದ್ದೂ ಮೂವರೇ. ಮೊದಲು ಐವರಿದ್ದರು, ಒಬ್ಬ ಊರು ಬಿಟ್ಟ, ಇನ್ನೊಬ್ಬ ಮದುವೆಯಾದ. ಮೂವರಲ್ಲಿ ಮೂರನೆಯವಳಾಗಿರುವುದು ಎಂಥ ನೋವೆಂದು ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ, ಹೇಳಿದರೆ ನಗುತ್ತಾರೆ. ಅವಳಿಗೇ ಕೆಲವೊಮ್ಮೆ ಸ್ನಾನದ ಮನೆಯಲ್ಲಿ ನಗು ಬರುತ್ತಿತ್ತು, ಆದರೆ ನಗು ಮುಗಿದ ಮೇಲೂ ನೋವು ಅಲ್ಲೇ ಬಾಗಿಲ ಹಿಂದೆ ಒದ್ದೆ ಟವೆಲಿನ ಹಾಗೆ ತೂಗುತ್ತಿತ್ತು.

ಈ ಹುಚ್ಚು ಹಿಡಿದದ್ದು ಹೇಗೆಂದು ಕೇಳಿದರೆ ಅವಳಲ್ಲಿ ನೆಟ್ಟಗೆ ಉತ್ತರವಿರಲಿಲ್ಲ. ಬಹುಶಃ ಇಡೀ ದಿನ ಎಲ್ಲವೂ ಬರೆದಷ್ಟೇ ಇರಬೇಕು ಎಂದು ಹೇಳಿ ಹೇಳಿ, ಬರೆದದ್ದಕ್ಕಿಂತ ಸ್ವಲ್ಪ ಹೆಚ್ಚು ಕೊಡುವ ವಸ್ತುವೊಂದು ಲೋಕದಲ್ಲಿದೆ, ಅದು ಕಾನೂನಿಗೆ ವಿರುದ್ಧವೂ ಅಲ್ಲ ಎಂದು ತಿಳಿದಾಗ ಎದೆ ಹಗುರವಾಗಿರಬೇಕು. ಮೊದಮೊದಲು ಪಂಖಣ್ಣ, "ಪ್ರೊಸೆಸರಿನ ಮೇಲೆ ಶಾಖ ಎಳೆಯೋ ಪೇಸ್ಟು ಬಟಾಣಿಯಷ್ಟು ಹಾಕಿ ಮೇಡಂ, ಸಾಕು," ಎಂದರೆ, "ಯಾವ ಬಟಾಣಿ? ಹಸೀದೋ ಒಣಗಿದ್ದೋ?" ಎಂದು ಕೇಳಿದವಳು ಅವಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳು ತಮಾಷೆಗೆ ಕೇಳಿರಲಿಲ್ಲ. ಮನೆಗೆ ಬಂದು ಎರಡೂ ಬಟಾಣಿ ತೂಗಿ, ನಡುವಿನ ತೂಕಕ್ಕೆ ಪೇಸ್ಟು ಹಾಕಿದ್ದಳು.

ಅವಳು ಎದ್ದು ಹಜಾರಕ್ಕೆ ಬಂದಾಗ ಸೋಫಾದ ಮೇಲೆ ಅತ್ತೆ ಕೂತಿದ್ದರು. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ನಿವೃತ್ತರಾದವರು. ಸೊಸೆಯ ಯಂತ್ರಕ್ಕೆ ಜ್ವರ ಬರುತ್ತದೆಂದು ತಿಳಿದ ದಿನದಿಂದ ಅವರ ನಡಿಗೆಯೇ ಬದಲಾಗಿತ್ತು. ಹಳೆಯ ವಾರ್ಡಿನ ಮಾದರಿಯಲ್ಲೇ ಗೆರೆ ಎಳೆದು ಒಂದು ಚಾರ್ಟು ಮಾಡಿ ಕಂಪ್ಯೂಟರಿನ ಪೆಟ್ಟಿಗೆಗೆ ಕ್ಲಿಪ್ಪಿನಲ್ಲಿ ಸಿಕ್ಕಿಸಿದ್ದರು. ಪರೀಕ್ಷೆ ನಡೆಯುವಾಗ ಕಾಲು ಗಂಟೆಗೊಮ್ಮೆ ಪರದೆಯ ಮೇಲಿನ ಶಾಖ ನೋಡಿ ಕೆಂಪು ಶಾಯಿಯಲ್ಲಿ ಚುಕ್ಕಿ ಇಡುವುದು, ಚುಕ್ಕಿಗೆ ಚುಕ್ಕಿ ಸೇರಿಸುವುದು, ಕೆಳಗೆ ಸಹಿ. "ತೊಂಬತ್ತೊಂದು ಡಿಗ್ರಿ! ಇಷ್ಟು ಜ್ವರ ಬಂದಿದ್ರೆ ನಮ್ಮ ವಾರ್ಡಲ್ಲಿ ಆ ಹಾಸಿಗೆ ಖಾಲಿ ಮಾಡಿ ಇನ್ನೊಬ್ಬರನ್ನ ಮಲಗಿಸ್ತಿದ್ರು," ಎಂದು ನಿನ್ನೆ ಮಧ್ಯಾಹ್ನ ಹೇಳಿ, ಬಿಸಿನೀರಿನ ರಬ್ಬರು ಚೀಲಕ್ಕೆ ಮಂಜುಗಡ್ಡೆ ತುಂಬಿ ತಂದು ಪೆಟ್ಟಿಗೆಯ ನೆತ್ತಿಗೆ ಒತ್ತಿ ಹಿಡಿದಿದ್ದರು. ಅಂಕ ಬಂದಾಗ ಅದು ಎಷ್ಟೆಂದು ಕೇಳಲಿಲ್ಲ, "ಎಷ್ಟನೆಯದು?" ಎಂದು ಕೇಳಿದರು. ಮೊದಲನೆಯದು ಎಂದಿದ್ದೇ ತಡ, ಸಂಜೆಯೊಳಗೆ ಐದು ಮಹಡಿಗೂ ಸುದ್ದಿ. "ನಮ್ಮ ಸೊಸೆ ಫಸ್ಟು ಬಂದಿದ್ದಾಳೆ." ಎಷ್ಟು ಜನರಲ್ಲಿ ಎಂದು ಯಾರೂ ಕೇಳಿರಲಿಲ್ಲವಂತೆ. ಕೇಳಿದ್ದರೆ ಹೇಳುತ್ತಿದ್ದರೋ ಇಲ್ಲವೋ.

ಈಗ ಅತ್ತೆಯ ಅಂಗೈಯಲ್ಲಿ ಅವರ ವಾಚು ಇತ್ತು. ಎದೆಗೆ ಪಿನ್ನು ಹಾಕಿ ತಲೆಕೆಳಗಾಗಿ ನೇತುಹಾಕುವ, ನರ್ಸುಗಳ ಗುಂಡು ವಾಚು.

"ಅಡುಗೆಮನೆ ಗಡಿಯಾರ ನೀವು ಮುಟ್ಟಿದ್ರಾ ಅತ್ತೆ?"

"ನಾನೇ ತಿದ್ದಿದ್ದು. ಬೆಳಿಗ್ಗೆ ಏಳಕ್ಕೆ ಚಾರ್ಟು ಬರೆಯೋಣ ಅಂತ ಬಂದೆ, ನೋಡಿದ್ರೆ ನನ್ನ ವಾಚು ನಿನ್ನ ಕಂಪ್ಯೂಟರಿಗಿಂತ ಹತ್ತು ನಿಮಿಷ ಮುಂದೆ. ಅಡುಗೆಮನೆ ಗಡಿಯಾರಾನೂ ಮುಂದೆ. ಅದನ್ನ ನಾನು ನನ್ನ ವಾಚು ನೋಡಿಯೇ ಅಲ್ವಾ ಇಟ್ಟಿರೋದು, ಎರಡೂ ಸೇರಿ ತಪ್ಪಿವೆ. ಎರಡನ್ನೂ ಹಿಂದಕ್ಕಿಟ್ಟೆ." ಅತ್ತೆ ವಾಚನ್ನು ಕಿವಿಗಿಟ್ಟುಕೊಂಡರು. "ಆದ್ರೆ ಇದು ಕೇಳ್ತಿಲ್ಲ ಕಣೇ. ಎಂಟೂವರೆಗೆ ನೋಡಿದೆ, ಮತ್ತೆ ಒಂದು ನಿಮಿಷದಷ್ಟು ಮುಂದೆ ಓಡಿಬಿಟ್ಟಿದೆ. ಮತ್ತೆ ತಿದ್ದಿದೆ. ಈಗ ನೋಡು, ಮತ್ತೆ ಶುರು ಮಾಡಿದೆ. ಹಟ."

"ಕಂಪ್ಯೂಟರೇ ತಪ್ಪಿರಬಹುದಲ್ವಾ?" ಅವಳ ದನಿ ಅವಳಿಗೇ ಸಣ್ಣದಾಗಿ ಕೇಳಿತು.

"ನಿನ್ನದು ತಪ್ಪುತ್ತಾ?" ಎಂದರು ಅತ್ತೆ. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ಊರಿನ ತಕ್ಕಡಿಗಳಿಗೆಲ್ಲ ಮುದ್ರೆ ಒತ್ತುವವಳು. ವಾಚಿಗೆ ವಯಸ್ಸಾಯ್ತು ಬಿಡು. ಯಾವಾಗಿಂದ ಮುಂದೆ ಓಡ್ತಿತ್ತೋ ಏನೋ. ನಾಡಿ ಎಣಿಸಿದ್ದೆಲ್ಲ ಇದನ್ನೇ ನೋಡಿಕೊಂಡು. ಎಷ್ಟು ಜನರದ್ದು ತಪ್ಪು ಬರೆದೆನೋ."

ಅವಳು ಕೋಣೆಗೆ ವಾಪಸು ಬಂದಳು. ಕಚೇರಿಯ ಚೀಲದಿಂದ ಸ್ಟಾಪ್‌ವಾಚು ತೆಗೆದಳು. ಅದರ ಬೆನ್ನಿಗೆ ಈ ವರ್ಷದ ಮುದ್ರೆ ಇತ್ತು, ಮುದ್ರೆಯ ಕೆಳಗೆ ಅವಳದೇ ಮೊದಲಕ್ಷರ. ಕಂಪ್ಯೂಟರಿನ ಗಡಿಯಾರದಲ್ಲಿ ಸೆಕೆಂಡು ಸೊನ್ನೆಗೆ ಬಂದಾಗ ಒತ್ತಿ, ಐದು ನಿಮಿಷ ತುಂಬಿದಾಗ ಮತ್ತೆ ಒತ್ತಿದಳು. ಸ್ಟಾಪ್‌ವಾಚು ಐದು ನಿಮಿಷ ಮೂರು ಸೆಕೆಂಡು ತೋರಿಸಿತು. ಇನ್ನೊಮ್ಮೆ ಮಾಡಿದಳು. ಐದು ನಿಮಿಷ ಮೂರು ಸೆಕೆಂಡು. ನಿಯಮದ ಪ್ರಕಾರ ಮೂರು ಸಲ ಮಾಡಬೇಕು. ಮೂರನೆಯ ಸಲ ಅರ್ಧಕ್ಕೇ ನಿಲ್ಲಿಸಿದಳು. ನೂರಕ್ಕೆ ಒಂದು. ಅರ್ಧ ಕಿಲೋಗೆ ಐದು ಗ್ರಾಂ.

ಅರ್ಧ ಕಿಲೋಗೆ ಐದು ಗ್ರಾಂ ಎಂದ ಕೂಡಲೇ ಆ ಈರುಳ್ಳಿ ಮಾರುವ ಹೆಂಗಸು ಕರೆಯದೆ ಬಂದು ಕೋಣೆಯಲ್ಲಿ ನಿಂತಳು. ಮೂರು ವಾರದ ಹಿಂದೆ ಮಾರುಕಟ್ಟೆಯ ಮೂಲೆಯಲ್ಲಿ, ನಾಲ್ಕು ಜನ ನೋಡುತ್ತಿರುವಾಗ, ಆಕೆಯ ಅರ್ಧ ಕಿಲೋ ತೂಕದ ಕಬ್ಬಿಣದ ಬೊಟ್ಟನ್ನು ಇವಳು ಎತ್ತಿ ತೂಗಿ ಐದು ಗ್ರಾಂ ಕಮ್ಮಿ ಎಂದು ವಶಪಡಿಸಿಕೊಂಡಿದ್ದಳು. "ನಾನು ಕೊರೆದಿದ್ದಲ್ಲಮ್ಮ ಅದು. ನಮ್ಮಮ್ಮನ ಕಾಲದ್ದು. ಕೈಯಲ್ಲಿ ತೆಗೆದು ಇಟ್ಟು ತೆಗೆದು ಇಟ್ಟು ಸವೆದಿದೆ. ಸವೆದದ್ದು ನನಗೆ ಹೆಂಗೆ ಗೊತ್ತಾಗ್ಬೇಕು, ಅದರ ಜೊತೆ ನನ್ನ ಕೈಯೂ ಸವೆದಿದೆಯಲ್ಲ?" ಎಂದಿದ್ದಳು ಆಕೆ. ಇನ್‌ಸ್ಪೆಕ್ಟರ್ ಆಗಿ ಅವಳು ಕೊಟ್ಟ ಉತ್ತರ ಬಹಳ ಒಳ್ಳೆಯ ಭಾಷೆಯಲ್ಲಿತ್ತು: "ಗೊತ್ತಿಲ್ಲದಿರುವುದು ಸಮಜಾಯಿಷಿ ಆಗುವುದಿಲ್ಲ. ವರ್ಷಕ್ಕೊಮ್ಮೆ ತಂದು ತೋರಿಸಬೇಕು." ಹೆಂಗಸು ಸೆರಗಿನಿಂದ ಮೂಗೊರೆಸಿಕೊಂಡು, ಸಿಟ್ಟೇನೂ ಇಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ್ದಳು: "ನಿಮ್ಮ ಹತ್ರ ಇರೋದನ್ನ ಯಾರು ನೋಡ್ತಾರಮ್ಮ?" ಅದಕ್ಕೂ ಉತ್ತರವಿತ್ತು. ಇನ್‌ಸ್ಪೆಕ್ಟರ ಬೊಟ್ಟುಗಳನ್ನು ಮೇಲಿನ ಕಚೇರಿಯ ಬೊಟ್ಟುಗಳು ನೋಡುತ್ತವೆ, ಅವನ್ನು ಅದಕ್ಕೂ ಮೇಲಿನವು. ಮಖಮಲ್ಲಿನ ಪೆಟ್ಟಿಗೆಯಲ್ಲಿ, ಬರಿಗೈ ತಾಗಿಸದೆ, ಚಿಮುಟದಲ್ಲಿ ಎತ್ತುವಂಥವು. ಆದರೆ ನಾಲ್ಕು ಜನರ ಮುಂದೆ ಆ ಮೆಟ್ಟಿಲನ್ನೆಲ್ಲ ವಿವರಿಸಲು ನಾಚಿಕೆಯಾಗಿ, ರಸೀದಿ ಹರಿದು ಕೊಟ್ಟು ನಡೆದಿದ್ದಳು. ಆ ಬೊಟ್ಟು ಈಗಲೂ ಅವಳ ಮೇಜಿನ ಡ್ರಾಯರಿನಲ್ಲಿದೆ. ಪ್ರತಿ ಸಲ ಡ್ರಾಯರ್ ಎಳೆದಾಗ ಉರುಳಿ ಬಂದು ಮುಂದಿನ ಹಲಗೆಗೆ ಟಕ್ಕೆಂದು ಬಡಿಯುತ್ತದೆ, ನಾನಿದ್ದೇನೆ ಎಂಬ ಹಾಗೆ.

ಏನಾಗಿದೆಯೆಂಬುದು ಅವಳಿಗೆ ಬೇಗನೇ ಹೊಳೆದಿತ್ತು. ಯಂತ್ರಕ್ಕೊಂದು ಮೂಲ ಮಿಡಿತವಿರುತ್ತದೆ, ಅದಕ್ಕೊಂದು ಗುಣಕ; ಎರಡನ್ನೂ ಗುಣಿಸಿದರೆ ಪ್ರೊಸೆಸರಿನ ವೇಗ. ಮಿಡಿತ ನೂರು, ಗುಣಕ ಐವತ್ತೆರಡು: ಇದು ಅವಳ ಯಂತ್ರ ತಡೆದುಕೊಳ್ಳುತ್ತಿದ್ದ ವೇಗ. ಐವತ್ತಮೂರಕ್ಕೆ ಏರಿಸಿದರೆ ಪರದೆ ಒಮ್ಮೆಲೇ ನೀಲಿಯಾಗಿ ಬವಳಿ ಬಂದು ಬೀಳುತ್ತಿತ್ತು. "ಮಿಡಿತ ಒಂದು ಇಳಿಸಿ, ಗುಣಕ ಒಂದು ಏರಿಸಿ ಮೇಡಂ. ಆದ್ರೆ ಯಂತ್ರ ಎದ್ದು ಕೂತ ಮೇಲೆ ಮಾಡಿ, ಮಲಗಿದ್ದಾಗ ಮಾಡಿದ್ರೆ ಒಪ್ಪಲ್ಲ," ಎಂದು ಉಪಾಯ ಹೇಳಿಕೊಟ್ಟವನು ಪಂಖಣ್ಣ. ನಿನ್ನೆ ಮಧ್ಯಾಹ್ನ ಎರಡಕ್ಕೆ ಅವಳು ಹಾಗೇ ಮಾಡಿದಳು. ಯಂತ್ರ ಬವಳಿ ಬೀಳಲಿಲ್ಲ. ಆದರೆ ಅದು ಎದ್ದ ಗಳಿಗೆಯಲ್ಲೇ, ಇಷ್ಟು ಮಿಡಿತಕ್ಕೆ ಒಂದು ಸೆಕೆಂಡು ಎಂದು ಕಲಿತುಬಿಟ್ಟಿತ್ತು. ಆಮೇಲೆ ಮಿಡಿತ ನಿಧಾನವಾದದ್ದು ಅದಕ್ಕೆ ತಿಳಿಯಲಿಲ್ಲ. ಪಾಪ, ಮೊದಲಿನ ಲೆಕ್ಕದಲ್ಲೇ ಎಣಿಸಿಕೊಂಡು, ಪ್ರತಿ ಸೆಕೆಂಡನ್ನೂ ಕೂದಲೆಳೆಯಷ್ಟು ಉದ್ದ ಮಾಡಿಕೊಂಡು ಕೂತಿತ್ತು. ಪರೀಕ್ಷೆ ನಡೆಸುವಾಗ ಅಡ್ಡಿಯಾಗದಿರಲೆಂದು ಅವಳು ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಟ್ಟಿದ್ದಳು, ಹೊರಗಿನವರು ಯಾರೂ ಅದಕ್ಕೆ ಗಂಟೆಯೆಷ್ಟೆಂದು ಹೇಳುವ ಹಾಗಿರಲಿಲ್ಲ. ಪರೀಕ್ಷೆಯೆಂದರೆ ಯಂತ್ರ ಒಂದು ಚಿತ್ರ ಬರೆಯಬೇಕು, ಗಾಜಿನ ಪಾತ್ರೆಗಳು ತುಂಬಿದ ಒಂದು ಕೋಣೆ, ಪ್ರತಿ ಪಾತ್ರೆಯಲ್ಲಿ ಉಳಿದ ಪಾತ್ರೆಗಳ ನೆರಳು. ಎಷ್ಟು ಬೇಗ ಬರೆದು ಮುಗಿಸುತ್ತದೋ ಅಷ್ಟು ಅಂಕ. ಬೇಗವೋ ನಿಧಾನವೋ ಎಂದು ನೋಡುವ ಗಡಿಯಾರವೂ ಯಂತ್ರದ್ದೇ. ಓಡುವವನ ಕೈಯಲ್ಲೇ ಸ್ಟಾಪ್‌ವಾಚು ಕೊಟ್ಟಂತೆ.

ಇಷ್ಟೇ ಆಗಿದ್ದರೆ ಅದು ಬರೀ ತಪ್ಪು. ಅವಳನ್ನು ಕೂತಲ್ಲಿ ಕೂರಗೊಡದೆ ಇದ್ದದ್ದು ಬೇರೆ. ಮೊದಲು ಅವಳ ಅಂಕ ಇಪ್ಪತ್ತೊಂದು ಸಾವಿರದ ಇಪ್ಪತ್ತು. ವೇಗ ಏರಿದ್ದು ನೂರಕ್ಕೆ ಒಂದರಷ್ಟು, ಅಂಕವೂ ಅಷ್ಟೇ ಏರಬೇಕಿತ್ತು. ಬಂದದ್ದು ಇಪ್ಪತ್ತೊಂದು ಸಾವಿರದ ನಾನೂರ ನಲವತ್ತು, ನೂರಕ್ಕೆ ಎರಡು. ಈ ಲೆಕ್ಕ ನಿನ್ನೆ ಸಂಜೆಯೇ ಅವಳ ತಲೆಯಲ್ಲಿ ಆಗಿತ್ತು. ಆಗಿ, ನಿಂತು, ಅವಳ ಕಡೆ ನೋಡಿತ್ತು. ಅವಳು ಅದರ ಕಡೆ ನೋಡಿರಲಿಲ್ಲ. ಹೆಚ್ಚುವರಿ ಬಂದ ಒಂದನ್ನು ಮಂಜುಗಡ್ಡೆಯ ಮಹಿಮೆ ಎಂದುಕೊಂಡಳು, ಬಟಾಣಿಯ ಮಹಿಮೆ ಎಂದುಕೊಂಡಳು. ಸವೆದದ್ದು ಹೆಂಗೆ ಗೊತ್ತಾಗ್ಬೇಕು ಎಂದ ಹೆಂಗಸಿಗೆ ಗೊತ್ತಿರಲಿಲ್ಲ. ಇವಳಿಗೆ ಗೊತ್ತಿತ್ತು.

ಹಾಗೆ ನೋಡಿದರೆ ದಾರಿಗಳಿದ್ದವು. ಕಂಪ್ಯೂಟರನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಸಾಕು, ಕಾಲ ಸರಿಹೋಗುತ್ತದೆ, ಅಂಕ ತಾನಾಗಿ ಇಳಿಯುತ್ತದೆ. "ಅಯ್ಯೋ, ಇವತ್ತು ಯಾಕೋ ಬರ್ತಿಲ್ಲ," ಎಂದು ಕೈ ಒರೆಸಿಕೊಂಡರಾಯಿತು, ಪೆನ್ಸಿಲ್ಲು ಅಳಿಸಿಹೋಗುತ್ತದೆ. ಯಾರಿಗೂ ಸುಳ್ಳು ಹೇಳಿದಂತಾಗುವುದಿಲ್ಲ. ಈ ದಾರಿ ಎಷ್ಟು ಚೊಕ್ಕಟವಾಗಿತ್ತೆಂದರೆ ಅವಳ ಬೆರಳು ಗುಂಡಿಯ ಮೇಲೂ ಹೋಯಿತು. ಅಷ್ಟರಲ್ಲಿ ಹಜಾರದಿಂದ ಅತ್ತೆ ಯಾರಿಗೋ ಫೋನಿನಲ್ಲಿ, "ಹತ್ತೂವರೆಗೆ ಡಾಕ್ಟರೇ ಬರ್ತಿದ್ದಾರೆ ನೋಡೋದಕ್ಕೆ. ಹಲ್ಲಿನ ಡಾಕ್ಟರಾದ್ರೇನು, ಡಾಕ್ಟರಲ್ವಾ?" ಎನ್ನುವುದು ಕೇಳಿಸಿತು. ಬೆರಳು ಹಿಂದೆ ಬಂತು. ಆಮೇಲೆ ಆ ಬೆರಳನ್ನು ಏನು ಮಾಡುವುದೆಂದು ತಿಳಿಯದೆ ಅವಳು ಅದರಿಂದ ಪೆಟ್ಟಿಗೆಯ ಮೇಲಿನ ಧೂಳು ಒರೆಸಿದಳು.

ಡಾಕ್ಟರು ಬಂದವರೇ ಜೇಬಿನಿಂದ ಪುಟ್ಟ ಟಾರ್ಚು ತೆಗೆದರು. ತೆಳ್ಳಗೆ, ಎತ್ತರ, ಎಲ್ಲರ ಮುಖದಲ್ಲೂ ಬಾಯಿಯನ್ನೇ ನೋಡಿ ಮಾತಾಡುವ ಮನುಷ್ಯ. ಪೆಟ್ಟಿಗೆಯ ಪಕ್ಕದ ಹಲಗೆಯನ್ನು ಬೆರಳಿನಿಂದ ತಟ್ಟಿ, "ಎಲ್ಲಿ, ಸ್ವಲ್ಪ ದೊಡ್ಡದಾಗಿ ತೆಗೀರಿ," ಎಂದರು. ಅವಳು ಹಲಗೆ ಬಿಚ್ಚಿದಳು. "ಹೂಂ. ಶ್ರಮ ಪಟ್ಟಿದ್ದೀರಿ. ದಿನಾ ಬ್ರಷ್ ಮಾಡ್ತೀರಿ ಅನಿಸುತ್ತೆ." ಹನ್ನೊಂದು ತಿಂಗಳಿಂದ ಅವರು ಅವಳಿಗೆ ಹೇಳುತ್ತಿದ್ದದ್ದು ಅದೊಂದೇ, ಶ್ರಮ ಪಟ್ಟಿದ್ದೀರಿ, ಆ ಮಾತಿನ ಸಿಹಿಗೆ ಅವಳ ಹಲ್ಲು ಜುಮ್ಮೆನ್ನುತ್ತಿತ್ತು. ಹಿಂದೆಯೇ ಪಂಖಣ್ಣ ಏದುಸಿರು ಬಿಡುತ್ತಾ ಒಳಗೆ ಬಂದ, ಕಂಕುಳಲ್ಲಿ ಒಂದು ನಿಲ್ಲಿಸುವ ಫ್ಯಾನು. "ಇರ್ಲಿ ಅಂತ ತಂದೆ ಮೇಡಂ. ಫ್ಯಾನು ಹೆಚ್ಚಾಗಿ ಸತ್ತವರು ಯಾರೂ ಇಲ್ಲ."

"ತಂದದ್ದು ಒಳ್ಳೇದಾಯ್ತು, ಅಲ್ಲಿಡಿ. ರೋಗಿ ಹತ್ರ ಗುಂಪು ಕಟ್ಟಬೇಡಿ," ಎಂದರು ಅತ್ತೆ. ತೊಳೆದು ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಚಾರ್ಟು ಹಿಡಿದು ನಿಂತಿದ್ದರು. ಎದೆಯ ಮೇಲೆ ವಾಚು ಇರಲಿಲ್ಲ. ಪಿನ್ನಿನ ಎರಡು ತೂತುಗಳು ಮಾತ್ರ ರವಿಕೆಯ ಮೇಲೆ ಕಾಣುತ್ತಿದ್ದವು. ಅವಳ ಕಣ್ಣು ಆ ಎರಡು ತೂತುಗಳ ಮೇಲೆ ಕೂತು ಏಳಲೊಲ್ಲದು.

ಪರೀಕ್ಷೆ ಶುರುವಾಯಿತು. ಹೇಳಬೇಕು ಎಂದುಕೊಳ್ಳುತ್ತಲೇ ಅವಳು ಗುಂಡಿ ಒತ್ತಿದ್ದಳು. ಮೊದಲು ಒತ್ತಿಬಿಡುತ್ತೇನೆ, ಆಮೇಲೆ ಹೇಳುತ್ತೇನೆ, ಇಲ್ಲದಿದ್ದರೆ ಹೆದರಿ ಹೇಳಿದ ಹಾಗಾಗುತ್ತದೆ. ಇಂಥ ನೆಪಗಳನ್ನು ಅವಳು ಅಂಗಡಿಯವರ ಬಾಯಲ್ಲಿ ಎಷ್ಟು ಕೇಳಿದ್ದಳು! ಪರದೆಯ ಮೇಲೆ ಚೌಕ ಚೌಕವಾಗಿ ಗಾಜಿನ ಪಾತ್ರೆಗಳು ಮೂಡತೊಡಗಿದವು. ಫ್ಯಾನುಗಳೆಲ್ಲ ಒಟ್ಟಿಗೆ ಗೊರಗುಟ್ಟಿ, ಪಂಖಣ್ಣನ ಫ್ಯಾನೂ ಸೇರಿ, ಕೋಣೆ ಹಾರಿಹೋಗುವ ಹಾಗಾಯಿತು. ಡಾಕ್ಟರ ಮೂರೆಳೆ ಕೂದಲು ನೆಟ್ಟಗೆ ನಿಂತಿತು. ಅತ್ತೆ ಮಂಜಿನ ಚೀಲ ಒತ್ತಿ, "ಎಂಬತ್ತೊಂಬತ್ತು... ತೊಂಬತ್ತು... ಸ್ವಲ್ಪ ತಡ್ಕೋ ಮಗೂ, ಆಯ್ತು, ಆಯ್ತು," ಎನ್ನುತ್ತಿದ್ದರು. ಕೊನೆಯ ಪಾತ್ರೆಯಲ್ಲಿ ಕೊನೆಯ ನೆರಳು ಬಿತ್ತು. ಇಪ್ಪತ್ತೊಂದು ಸಾವಿರದ ನಾನೂರ ಮೂವತ್ತಾರು.

ಡಾಕ್ಟರು ಟಾರ್ಚು ಆರಿಸಿ, ಅವಳ ಬಾಯಿಯ ಬದಲು ಮೊದಲ ಸಲ ಅವಳ ಕಣ್ಣು ನೋಡಿ, "ನನ್ನಿಂದ ಆಗಲ್ಲ ಇದು. ಗೆದ್ರಿ," ಎಂದರು. ಶ್ರಮ ಪಟ್ಟಿದ್ದೀರಿ ಎನ್ನಲಿಲ್ಲ. ಹನ್ನೊಂದು ತಿಂಗಳು ಅವಳು ಕಾದದ್ದು ಈ ಒಂದು ಮಾತು ಹೇಳದಿರಲಿ ಎಂದೇ. ಈಗ ಹೇಳದೆ ಬಿಟ್ಟಾಗ ಅವಳು ಕಣ್ಣು ತಪ್ಪಿಸಿ ಪರದೆಯ ಅಂಕವನ್ನೇ ನೋಡಿದಳು. ಪಂಖಣ್ಣ ಇಂಕಿನ ಪೆನ್ನು ಜೇಬಿನಿಂದ ತೆಗೆದು, ಹಲಗೆ ಅಂಗಡಿಯಲ್ಲಿದೆಯೆಂದು ನೆನಪಾಗಿ, ಮತ್ತೆ ಜೇಬಿಗಿಟ್ಟು, ಏನಾದರೂ ಮಾಡಬೇಕಲ್ಲ ಎಂದು ಫ್ಯಾನಿನ ವೇಗ ಒಂದು ಹೆಚ್ಚಿಸಿದ.

"ನಿಮ್ಮ ಅಂಗಡೀಲಿ ಇಂಥವೆಲ್ಲ ತಗೋತೀರಾ?" ಅತ್ತೆ ಅವನ ಮುಂದೆ ಅಂಗೈ ಚಾಚಿದರು. ಅಂಗೈಯಲ್ಲಿ ವಾಚು, ಅದರ ಕೆಳಗೆ ಮಡಿಸಿದ ಕರವಸ್ತ್ರ. "ದುಡ್ಡೇನೂ ಬೇಡ. ಬಿಸಾಡೋದಕ್ಕೆ ಕೈ ಬರ್ತಿಲ್ಲ, ಇಟ್ಟುಕೊಂಡ್ರೆ ಸುಳ್ಳು ಹೇಳುತ್ತೆ. ಒಳಗಿನ ಚಕ್ರಗಿಕ್ರ ಯಾವುದಕ್ಕಾದ್ರೂ ಆದೀತು."

ಪಂಖಣ್ಣ ಅದನ್ನು ಕಂಪ್ಯೂಟರಿನ ಗಡಿಯಾರದ ಪಕ್ಕ ಹಿಡಿದ. "ಒಂದೂ ಕಾಲು ನಿಮಿಷ ಮುಂದಿದೆ ಅಷ್ಟೇ ಅಲ್ವಾ ಅಮ್ಮ?"

"ಎರಡು ಸಲ ತಿದ್ದಿದ ಮೇಲೆ ಅಷ್ಟು. ಬುದ್ಧಿ ಹೇಳಿದ್ರೂ ಕೇಳಲ್ಲ."

"ವಾಚು ಸರಿ ಇದೆ ಅತ್ತೆ," ಎಂದಳು ಅವಳು.

ಫ್ಯಾನಿನ ಸದ್ದಿಗೆ ಯಾರಿಗೂ ಕೇಳಲಿಲ್ಲ. ಒಂದು ಸಲ ಹೇಳಿದ್ದೇ ದೊಡ್ಡದು. ಎರಡನೆಯ ಸಲ ಹೇಳಬೇಕೇ ಎಂದು ಒಳಗಿನಿಂದ ಯಾರೋ ಕೇಳಿದರು. ಆಡಿದೆನಲ್ಲ, ಕೇಳದಿದ್ದರೆ ನನ್ನ ತಪ್ಪೇ? ಆದರೆ ಪಂಖಣ್ಣ ವಾಚನ್ನು ಕರವಸ್ತ್ರ ಸಮೇತ ಜೇಬಿಗೆ ಇಳಿಸುತ್ತಿದ್ದ, ಅತ್ತೆ ಅದು ಇಳಿಯುವುದನ್ನು ನೋಡುತ್ತಿದ್ದರು, ಅವರ ಬಲಗೈಯ ಎರಡು ಬೆರಳು ಗಾಳಿಯಲ್ಲಿ ಯಾರದೋ ಮಣಿಕಟ್ಟನ್ನು ಹಿಡಿದ ಹಾಗೆ ಮಡಿಚಿಕೊಂಡಿದ್ದವು. ಅವಳು ಫ್ಯಾನಿನ ತಂತಿಯನ್ನೇ ಗೋಡೆಯಿಂದ ಕಿತ್ತಳು.

"ವಾಚು ಸರಿ ಇದೆ! ಕೊಡಿ ಅದನ್ನ. ತಪ್ಪಿರೋದು ನನ್ನ ಕಂಪ್ಯೂಟರು. ನೂರಕ್ಕೆ ಒಂದು. ನಿನ್ನೆಯಿಂದ ಅದರ ಸೆಕೆಂಡು ಉದ್ದ ಇದೆ, ಅದಕ್ಕೇ ಅಂಕ ಜಾಸ್ತಿ. ಇಪ್ಪತ್ತೊಂದು ಸಾವಿರದ ಇನ್ನೂರ ಇಪ್ಪತ್ತೈದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ ನನ್ನದು. ನನಗೆ ಗೊತ್ತಿತ್ತು. ನಿನ್ನೆ ಗೊತ್ತಿರಲಿಲ್ಲ ಅಂದ್ಕೊಂಡಿದ್ದೆ, ಆದ್ರೆ ಗೊತ್ತಿತ್ತು." ಸ್ಟಾಪ್‌ವಾಚನ್ನು ಎತ್ತಿ ತೋರಿಸಿದಳು, ಮಿಡಿತ ಹೇಳಿದಳು, ಗುಣಕ ಹೇಳಿದಳು; ಮಾತು ಒಂದರ ಮೇಲೊಂದು ಬಿದ್ದು, ನಡುವೆ ಈರುಳ್ಳಿಯೂ ಬಂದು, "ಸವೆದಿದ್ರೆ ಬೇರೆ, ನಾನು ಸವೆಸಿದ್ದು," ಎಂದೂ ಹೇಳಿದಳು. ಅದು ಯಾರಿಗೂ ಅರ್ಥವಾಗಲಿಲ್ಲ.

ಅತ್ತೆಗೆ ಅರ್ಥವಾದದ್ದು ಒಂದೇ. ಪಂಖಣ್ಣನ ಜೇಬಿಗೆ ಕೈ ಹಾಕಿ ವಾಚನ್ನು ಅವರೇ ತೆಗೆದುಕೊಂಡರು. "ಹಾಗಾದ್ರೆ ಬೆಳಿಗ್ಗೆಯಿಂದ ಇದು ನಿಜ ಹೇಳ್ತಿತ್ತು, ನಾನು ಹೊಡೆದು ಹೊಡೆದು ಸುಳ್ಳು ಕಲಿಸ್ತಿದ್ದೆ," ಎಂದು ವಾಚಿಗೆ ಹೇಳಿ, ಸೊಸೆಯ ಫೋನು ನೋಡಿ ಮುಳ್ಳು ತಿರುಗಿಸಿ, ಎದೆಗೆ ಪಿನ್ನು ಹಾಕಿಕೊಂಡರು. ಅದೇ ಎರಡು ತೂತುಗಳಲ್ಲಿ.

ಡಾಕ್ಟರು ನಗುತ್ತಾರೆಂದು ಅವಳು ಕಾದಳು. ಅವರು ಟಾರ್ಚನ್ನು ಹೊತ್ತಿಸಿದರು, ಆರಿಸಿದರು, ಹೊತ್ತಿಸಿದರು. "ಮಿಡಿತ ಇಳಿಸಿದ್ರೆ ಹೀಗಾಗುತ್ತಾ?"

"ಎದ್ದು ಕೂತ ಮೇಲೆ ಇಳಿಸಿದ್ರೆ ಆಗುತ್ತೆ."

"ನನ್ನ ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟೆಲ್ಲ ಅದೇ ಕಂಪ್ಯೂಟರಲ್ಲಿ," ಎಂದರು ಡಾಕ್ಟರು ನಿಧಾನವಾಗಿ. "ಒಂದು ವರ್ಷದಿಂದ ರೋಗಿಗಳು ಸಂಜೆ ಹೊತ್ತಿಗೆ ಸಿಟ್ಟಲ್ಲಿ ಕೂತಿರ್ತಾರೆ. ನಾನು, ಇವರೆಲ್ಲ ಯಾಕೆ ಇಷ್ಟು ಬೇಗ ಬರ್ತಾರೆ, ಹಲ್ಲು ಕೀಳಿಸಿಕೊಳ್ಳೋಕೆ ಇಷ್ಟು ಆಸೆನಾ ಅಂದ್ಕೊಂಡಿದ್ದೆ." ಕೆಮ್ಮಿದರು. ಸಕ್ಕರೆ ತಿನ್ನುವುದನ್ನು ಒಪ್ಪಿಕೊಳ್ಳುವ ರೋಗಿಯ ದನಿಯಲ್ಲಿ ಹೇಳಿದರು: "ನನ್ನ ಯಂತ್ರದ ಮಿಡಿತ ತೊಂಬತ್ತೆಂಟು."

ಇಬ್ಬರೂ ಪಂಖಣ್ಣನ ಕಡೆ ತಿರುಗಿದರು. ಪಂಖಣ್ಣ ಕಿತ್ತ ತಂತಿಯನ್ನು ಎತ್ತಿ, ಬಹಳ ಅಚ್ಚುಕಟ್ಟಾಗಿ ಫ್ಯಾನಿನ ಕುತ್ತಿಗೆಗೆ ಸುತ್ತತೊಡಗಿದ. "ತೊಂಬತ್ತೇಳು," ಎಂದ, ಫ್ಯಾನಿಗೆ. "ನನ್ನ ಹೆಂಡ್ತಿ ಹೇಳ್ತಾನೇ ಇದ್ಲು, ಊಟಕ್ಕೆ ಯಾವಾಗಲೂ ಲೇಟು ಅಂತ."

ಬಾಗಿಲಲ್ಲಿ ಗಂಡ ನಿಂತಿದ್ದ. ಪಾಠ ಮುಗಿಸಿ ಯಾವಾಗ ಬಂದನೋ. ವರ್ಷಗಟ್ಟಲೆ ಕಲಿಯುವವರ ಪಕ್ಕ ಕೂತು ತನ್ನ ಕಡೆಯ ಬ್ರೇಕು ತುಳಿದು ತುಳಿದು, ಮನೆಯಲ್ಲೂ ಯಾರಾದರೂ ಅವಸರದ ಮಾತಾಡಿದರೆ ಅವನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಈಗಲೂ ಒತ್ತಿ ನಿಂತಿದ್ದ. "ಅಂದ್ರೆ," ಎಂದ, "ಎಲ್ಲರದ್ದೂ ತಿದ್ದಿದ ಮೇಲೂ ಇವಳೇ ಫಸ್ಟಾ?"

ಅವಳು ಮುಖ ತಗ್ಗಿಸಿದಳು. ಏಕೆಂದರೆ ಆ ಲೆಕ್ಕ ಆಗಿಹೋಗಿತ್ತು. ಡಾಕ್ಟರು ತೊಂಬತ್ತೆಂಟು ಎಂದು ಬಾಯಿ ಮುಚ್ಚುವ ಮೊದಲೇ, ಅವರ ಮುಖ ಬಾಡುವುದನ್ನು ನೋಡುತ್ತಿರುವಾಗಲೇ, ಅವಳ ತಲೆಯೊಳಗೆ ಇಪ್ಪತ್ತು ಸಾವಿರದ ಎಂಟುನೂರ ಎಂಬತ್ತನಾಲ್ಕು ಎಂದು ಮೂಡಿ, ಅದು ತನ್ನ ಇಪ್ಪತ್ತೊಂದು ಸಾವಿರದ ಇನ್ನೂರ ಇಪ್ಪತ್ತೈದಕ್ಕಿಂತ ಎಷ್ಟು ಕೆಳಗಿದೆಯೆಂದು ಕಳೆದು ಆಗಿತ್ತು. ನಾಚಿಕೆ ಬರುವ ಮೊದಲು ಖುಷಿ ಬಂದಿತ್ತು. ಎರಡರ ನಡುವೆ ಅಂತರವಿತ್ತು, ಸ್ಟಾಪ್‌ವಾಚಿನಲ್ಲಿ ಹಿಡಿಯಬಹುದಾದಷ್ಟು. ನಿಜ ಹೇಳಿದ ಬಾಯಿ ಇನ್ನೂ ಒಣಗಿರಲಿಲ್ಲ. ನಾಳೆ ಆ ಬೊಟ್ಟನ್ನು ಡ್ರಾಯರಿನಿಂದ ತೆಗೆದು, ಸರಿದೂಗಿಸಿ, ಮುದ್ರೆ ಒತ್ತಿಸಿ ತಾನೇ ಮಾರುಕಟ್ಟೆಗೆ ಒಯ್ದು ಕೊಡಬೇಕು ಎಂದುಕೊಂಡಳು. ಹಾಗೆಂದುಕೊಂಡದ್ದು ಕೂಡ ಖುಷಿಯನ್ನು ಮುಚ್ಚಲು ಹೊದಿಸಿದ ಬಟ್ಟೆಯೇ ಇರಬಹುದೆಂದು ಅನುಮಾನ ಬಂತು. ಅವಳು ಉಸಿರು ಹಿಡಿದಳು.

"ಯಾಕೆ ಹೀಗೆ ಕೆಂಪಾದೆ?" ಎಂದರು ಅತ್ತೆ. ಹತ್ತಿರ ಬಂದು, ಅಪ್ಪಣೆ ಕೇಳದೆ, ಅವಳ ಮಣಿಕಟ್ಟು ಹಿಡಿದು ಎರಡು ಬೆರಳು ಒತ್ತಿ, ಗದ್ದ ಇಳಿಸಿ ಎದೆಯ ಮೇಲಿನ ವಾಚು ನೋಡತೊಡಗಿದರು.

"ಏನಿಲ್ಲ ಅತ್ತೆ. ನಾನು ಸರಿಯಾಗೇ..."

"ಮಾತಾಡಬೇಡ. ಎಣಿಸ್ತಿದ್ದೀನಿ."

ಕಂಪ್ಯೂಟರಿನ ಫ್ಯಾನುಗಳು ಒಂದೊಂದಾಗಿ ತಣ್ಣಗಾಗುತ್ತಿದ್ದವು. ಒಂದು ಪೂರ್ತಿ ನಿಮಿಷ, ಉದ್ದವೂ ಇಲ್ಲದ ಗಿಡ್ಡವೂ ಇಲ್ಲದ ಒಂದು ನಿಮಿಷ, ಆ ಕೋಣೆಯಲ್ಲಿ ಕಳೆಯಿತು. ಅತ್ತೆ ಅವಳ ಕೈ ಬಿಟ್ಟು, ಪೆಟ್ಟಿಗೆಗೆ ಮತ್ತೆ ಸಿಕ್ಕಿಸಿದ್ದ ಚಾರ್ಟನ್ನು ಎಳೆದುಕೊಂಡು, ಯಂತ್ರದ ತೊಂಬತ್ತೊಂದರ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಇನ್ನೊಂದು ಚುಕ್ಕಿ ಇಟ್ಟರು.

"ನೂರಾ ಇಪ್ಪತ್ತೆರಡು," ಎಂದರು, ಸಹಿ ಹಾಕುತ್ತಾ. "ನಿನ್ನನ್ನೂ ಸ್ವಲ್ಪ ಹೊತ್ತು ಆರಿಸಿಡಬೇಕು."